ಕೈಜಾರಿದ ನಡೆ

ಪಗಡೆಯಲ್ಲಿ ಸೋತವನಿಗೆ ಒಂದು ಸಮಾಧಾನವುಂಟು. ಬೇಡಿದ ಗರ ಬೀಳಲಿಲ್ಲ, ದಾಳ ಕೈಕೊಟ್ಟಿತು ಎಂದು ಹೇಳಿಕೊಂಡು ಎದ್ದು ಹೋಗಬಹುದು. ಧರ್ಮರಾಯನಿಗೂ ಅಷ್ಟರಮಟ್ಟಿನ ನೆಪವಿತ್ತು. ಎದುರಿಗೆ ಕುಳಿತಿದ್ದವನು ಶಕುನಿ. ಚದುರಂಗದಲ್ಲಿ ಸೋತವನಿಗೆ ಆ ನೆಪವೂ ಇಲ್ಲ. ಇಲ್ಲಿ ದಾಳವಿಲ್ಲ, ಕೈಯಲ್ಲಿ ಮುಚ್ಚಿ ಹಿಡಿದ ಎಲೆಯಿಲ್ಲ. 64 ಮನೆಗಳೂ ಅವುಗಳ ಮೇಲಿನ ಕಾಯಿಗಳೂ ಇಬ್ಬರ ಕಣ್ಣಿಗೂ ಒಂದೇ ಬೆಳಕಿನಲ್ಲಿ ತೆರೆದುಕೊಂಡಿರುತ್ತವೆ. ಒಬ್ಬನು ನಡೆಯುತ್ತಾನೆ; ಇನ್ನೊಬ್ಬನು ನಡೆಯುವವರೆಗೆ ಕಾಯುತ್ತಾನೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಯಾರೂ ಕೈ ಹಿಡಿಯುವುದಿಲ್ಲ. ಹೀಗಿದ್ದೂ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವ ಪ್ರಸಂಗಗಳು ಈ ಆಟದಲ್ಲಿ ಎಷ್ಟು ಹೇರಳವೆಂದರೆ, ಅವುಗಳನ್ನೇ ಆಯ್ದು ಜೋಡಿಸಿದರೂ ಒಂದು ದೊಡ್ಡ ಗ್ರಂಥವಾದೀತು.

ಚದುರಂಗವೆಂಬ ಮಾತು ಚತುರಂಗದ ತದ್ಭವ. ಆನೆ, ಕುದುರೆ, ತೇರು, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳು ಅದರ ಮೂಲ. ಆದರೆ ಕನ್ನಡದಲ್ಲಿ ‘ಚದುರ’ನೆಂದರೆ ಜಾಣ ಎಂಬ ಅರ್ಥವೂ ಇರುವುದರಿಂದ, ಇದು ಚದುರರ ರಂಗವೆಂದು ಹಲವರು ಭಾವಿಸುತ್ತಾರೆ. ವ್ಯಾಕರಣ ಒಪ್ಪದ ಮಾತು, ಕೇಳುವುದಕ್ಕೆ ಚೆನ್ನಾಗಿದೆ, ಇರಲಿ. ತಮಾಷೆಯೆಂದರೆ, ಈ ರಂಗದಲ್ಲಿ ಮುಗ್ಗರಿಸಿದವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವವರು ಚದುರರಲ್ಲಿ ಚದುರರೆನಿಸಿದವರೇ.

2014ರ ನವೆಂಬರ್ 15. ರಷ್ಯದ ಸೋಚಿ ನಗರ. ವಿಶ್ವನಾಥನ್ ಆನಂದರಿಗೂ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ನರಿಗೂ ವಿಶ್ವ ಚಾಂಪಿಯನ್ ಪದವಿಗಾಗಿ ನಡೆಯುತ್ತಿದ್ದ ಪಂದ್ಯದ ಆರನೆಯ ಆಟ. ಹಿಂದಿನ ವರ್ಷ ಚೆನ್ನೈಯಲ್ಲಿ, ತಮ್ಮ ಊರಿನಲ್ಲೇ, ಆನಂದರು ಇದೇ ಕಾರ್ಲ್‌ಸನ್ನರಿಗೆ ಪದವಿಯನ್ನು ಬಿಟ್ಟುಕೊಟ್ಟಿದ್ದರು. ಅದನ್ನು ಮರಳಿ ಪಡೆಯಲು ಬಂದಿದ್ದವರು ಐದು ಆಟಗಳು ಮುಗಿಯುವ ಹೊತ್ತಿಗೆ ಎರಡೂವರೆ ಅಂಕಗಳಿಂದ ಸಮಸಮನಾಗಿ ನಿಂತಿದ್ದರು. ಆರನೆಯ ಆಟದಲ್ಲಿ ಬಿಳಿಯ ಕಾಯಿಗಳು ಕಾರ್ಲ್‌ಸನ್ನರವು; ಮೇಲುಗೈಯೂ ಅವರದೇ. ಆನಂದರು ತಡೆದುಕೊಳ್ಳುತ್ತಿದ್ದರು. ಇಪ್ಪತ್ತಾರನೆಯ ನಡೆಯಲ್ಲಿ ಕಾರ್ಲ್‌ಸನ್ನರು ತಮ್ಮ ರಾಜನನ್ನು ಪಕ್ಕದ ಮನೆಗೆ ಸರಿಸಿದರು. ನೋಡಿದರೆ ಏನೂ ಇಲ್ಲದ ನಡೆ. ಮಂತ್ರಿಗಳೆರಡೂ ಹಲಗೆಯಿಂದ ಇಳಿದಿದ್ದವು. ರಾಜನು ಹೊರಗೆ ಬಂದು ಓಡಾಡುವುದಕ್ಕೆ ಅಡ್ಡಿಯೇನಿರಲಿಲ್ಲ.

ಅಡ್ಡಿ ಇತ್ತು. ಆನಂದರ ಕುದುರೆಯ ಎದುರಿಗೆ ನಡುಹಲಗೆಯಲ್ಲಿ ಒಂದು ಬಿಳಿಯ ಕಾಲಾಳು ನಿಂತಿತ್ತು. ಆ ಕುದುರೆ ಅದನ್ನು ಕಡಿದಿದ್ದರೆ, ಹಿಂದಿನಿಂದ ಆನಂದರ ಆನೆಗೆ ದಾರಿ ತೆರೆದು, ಎರಡು ಆನೆಗಳು ಮುಖಾಮುಖಿಯಾಗುತ್ತಿದ್ದವು. ಬಿಳಿಯ ಆನೆ ಕರಿಯ ಆನೆಯನ್ನು ಕಡಿದರೆ, ಕುದುರೆ ಮತ್ತೆ ಜಿಗಿದು ಇನ್ನೊಂದು ಕಾಲಾಳನ್ನು ಕಡಿಯುವುದು. ಮತ್ತು ಆ ಜಿಗಿತ ರಾಜನಿಗೆ ಶಹ! ರಾಜನು ಹಿಂದಿನ ಮನೆಯಲ್ಲಿಯೇ ಇದ್ದಿದ್ದರೆ ಈ ಶಹ ಇರುತ್ತಿರಲಿಲ್ಲ. ಅವನು ಆ ಒಂದು ಮನೆಗೆ ಬಂದದ್ದರಿಂದಲೇ ಅದು ಹುಟ್ಟಿತು. ರಾಜನು ತಪ್ಪಿಸಿಕೊಂಡಾಗ ಕುದುರೆ ಇನ್ನೊಂದು ಶಹ ಕೊಟ್ಟು ಸುರಕ್ಷಿತವಾದ ಮನೆಗೆ ಹೋಗುವುದು. ಬಳಿಕ ಕರಿಯವರು ಆನೆಯನ್ನು ನಿಧಾನವಾಗಿ ಮರಳಿ ಪಡೆಯುವರು. ಲೆಕ್ಕ ಮುಗಿದಾಗ ಕರಿಯವರಿಗೆ ಎರಡು ಕಾಲಾಳು ಲಾಭ. ಆ ಮಟ್ಟದ ಆಟದಲ್ಲಿ ಎರಡು ಕಾಲಾಳೆಂದರೆ ಬಹುಪಾಲು ಗೆಲುವೆಂದೇ ಅರ್ಥ.

ಕಾಯಿಯನ್ನು ಇಟ್ಟ ಕೂಡಲೇ ಕಾರ್ಲ್‌ಸನ್ನರಿಗೆ ತಮ್ಮ ತಪ್ಪು ಹೊಳೆಯಿತು. ಹೊಳೆದರೂ ಮಾಡುವುದೇನು? ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಇಟ್ಟ ಕಾಯಿಯನ್ನು ಎತ್ತುವಂತಿಲ್ಲ. ಮುಖದಲ್ಲಿ ಏನನ್ನೂ ತೋರಗೊಡದೆ ಕುಳಿತಿರುವುದೊಂದೇ ಉಳಿದದ್ದು. ಇತ್ತ ಆನಂದರು ಹೆಚ್ಚು ಹೊತ್ತು ಯೋಚಿಸದೆ ಹಲಗೆಯ ಅಂಚಿನ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದರು. ಅದು ಅವರು ಮೊದಲೇ ಎಣಿಸಿಕೊಂಡಿದ್ದ ನಡೆ. ಅದನ್ನಿಟ್ಟ ಮರುಕ್ಷಣ ತಮಗೂ ಕುದುರೆಯ ನಡೆ ಕಂಡಿತೆಂದು ಆಮೇಲೆ ಅವರೇ ಹೇಳಿದರು. ಆ ಆಟವನ್ನು ಆನಂದರು ಸೋತರು. ಪಂದ್ಯವನ್ನು ಆರೂವರೆಗೆ ನಾಲ್ಕೂವರೆ ಅಂಕಗಳಿಂದ ಸೋತರು. ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಆನಂದರಿಗೆ ಈ ಯುಕ್ತಿ ತಿಳಿಯದ್ದೆಂದು ಯಾರೂ ಹೇಳಲಾರರು. ಬಿಡಿಯಾದ ಸಮಸ್ಯೆಯಾಗಿ, ‘ಕರಿಯವರು ನಡೆದು ಗೆಲ್ಲುವರು’ ಎಂದು ಅಡಿಯಲ್ಲಿ ಬರೆದು ಮುಂದಿಟ್ಟಿದ್ದರೆ ನಿಮಿಷ ಕಳೆಯುವ ಮೊದಲೇ ಉತ್ತರ ಹೇಳುತ್ತಿದ್ದರು.

ಆದರೆ ನಿಜವಾದ ಆಟದಲ್ಲಿ ಅಡಿಬರಹವನ್ನು ಬರೆದು ಕೊಡುವವರು ಯಾರು? ಅದನ್ನು ಆಟಗಾರನೇ ಪ್ರತಿಯೊಂದು ನಡೆಗೂ ಬರೆದುಕೊಳ್ಳಬೇಕು. ‘ಎದುರಾಳಿಯ ಈ ನಡೆಯಿಂದ ಹಲಗೆಯ ಮೇಲೆ ಏನು ಬದಲಾಯಿತು?’ ಎಂಬ ಒಂದು ಪ್ರಶ್ನೆ ಸಾಕು. ಎದುರಾಳಿ ಅಬ್ಬರಿಸಿ ಬಂದಾಗ ಈ ಪ್ರಶ್ನೆಯನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ. ಅವನು ಸುಮ್ಮನೆ ಒಂದು ಹೆಜ್ಜೆ ಸರಿದಾಗ ಕೇಳಿಕೊಳ್ಳುವವರು ಕಡಮೆ. ನಮ್ಮ ಲೆಕ್ಕವನ್ನು ನಾವು ಮುಂದುವರಿಸುತ್ತೇವೆ. ಸರದಿಯ ಆಟದ ಮುಖ್ಯವಾದ ಭಾಗ್ಯವೆಂದರೆ ನಮ್ಮ ಸರದಿ ಬಂದಾಗ ಎಲ್ಲವನ್ನೂ ಹೊಸದಾಗಿ ನೋಡಬಹುದಾದ ಸ್ವಾತಂತ್ರ್ಯ. ಅದನ್ನು ನಿನ್ನೆಯ ಸಂಕಲ್ಪಕ್ಕೆ ಒತ್ತೆಯಿಟ್ಟು ಆಡುವವರೇ ಹೆಚ್ಚು.

ಇದು ಬರಿಯ ಊಹೆಯಲ್ಲ. 2008ರಲ್ಲಿ ಬಿಲಾಲಿಚ್, ಮೆಕ್‌ಲಿಯಡ್, ಗೋಬೆ ಎಂಬ ಮೂವರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ಬಹಳ ಕುತೂಹಲಕರವಾಗಿದೆ. ಪಳಗಿದ ಆಟಗಾರರ ಮುಂದೆ ಅವರು ಒಂದು ಸ್ಥಿತಿಯನ್ನಿಟ್ಟರು. ಅದರಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ಮಾತ್ ಇತ್ತು. ಅದಕ್ಕಿಂತ ಚಿಕ್ಕದಾದ, ಅಷ್ಟು ಪರಿಚಿತವಲ್ಲದ ಇನ್ನೊಂದು ಮಾತ್ ಕೂಡ ಇತ್ತು. ಚಿಕ್ಕದಾದುದನ್ನೇ ಹುಡುಕಬೇಕೆಂಬುದು ನಿಬಂಧನೆ. ಆಟಗಾರರು ಮೊದಲು ಪರಿಚಿತವಾದುದನ್ನು ಕಂಡರು. ಆಮೇಲೆ ಬೇರೆ ದಾರಿಯನ್ನು ಹುಡುಕುತ್ತಿದ್ದೇವೆಂದು ಹೇಳಿದರು. ಅವರು ಹಾಗೆ ಹೇಳುತ್ತಿದ್ದಾಗ ಕಣ್ಣಿನ ಚಲನೆಯನ್ನು ಅಳೆಯುವ ಉಪಕರಣ ಬೇರೊಂದು ಕಥೆಯನ್ನು ಹೇಳಿತು. ಅವರ ದೃಷ್ಟಿ ಮತ್ತೆ ಮತ್ತೆ ಮೊದಲಿನ ಉತ್ತರಕ್ಕೆ ಸಂಬಂಧಿಸಿದ ಮನೆಗಳ ಮೇಲೆಯೇ ಹೋಗಿ ಕೂರುತ್ತಿತ್ತು. ಪರಿಚಿತವಾದ ಮಾತ್ ಸಾಧ್ಯವಾಗದಂತೆ ಸ್ಥಿತಿಯನ್ನು ಬದಲಾಯಿಸಿ ಇಟ್ಟಾಗ ಚಿಕ್ಕ ಉತ್ತರ ಹೊರಗೆ ಬಂತು. ಅಂತೂ ಒಳ್ಳೆಯ ವಿಚಾರವೊಂದು ಬಾಗಿಲಲ್ಲಿ ಅಡ್ಡ ನಿಂತು ಉತ್ತಮವಾದ ವಿಚಾರವನ್ನು ಒಳಗೆ ಬಿಡುವುದಿಲ್ಲ. ಮತ್ತು ಅದು ಅಡ್ಡ ನಿಂತಿದೆಯೆಂಬುದು ಮನೆಯ ಯಜಮಾನನಿಗೇ ತಿಳಿಯುವುದಿಲ್ಲ!

ತೆರೆದ ಅವಕಾಶವನ್ನು ಕಾಣದಿರುವುದು ಒಂದು ಬಗೆ. ತನ್ನ ಕೋಟೆಯ ಬಾಗಿಲನ್ನು ತಾನೇ ತೆರೆದಿಡುವುದು ಇನ್ನೊಂದು ಬಗೆ. ಇದಕ್ಕೆ 1892ರಲ್ಲಿ ಕ್ಯೂಬಾದ ಹವಾನಾದಲ್ಲಿ ನಡೆದುದಕ್ಕಿಂತ ಮರುಕ ಹುಟ್ಟಿಸುವ ಉದಾಹರಣೆ ನನಗೆ ತಿಳಿದಿಲ್ಲ. ವಿಲ್ಹೆಲ್ಮ್ ಸ್ಟೈನಿಟ್ಸರಿಗೂ ರಷ್ಯದ ಮಿಖಾಯಿಲ್ ಚಿಗೋರಿನರಿಗೂ ವಿಶ್ವ ಪದವಿಯ ಪಂದ್ಯ. ಮೊದಲು ಹತ್ತು ಆಟಗಳನ್ನು ಗೆದ್ದವರಿಗೆ ಪದವಿ. 22 ಆಟಗಳು ಮುಗಿದಾಗ ಸ್ಟೈನಿಟ್ಸ್ ಒಂಬತ್ತು ಗೆದ್ದಿದ್ದರು, ಚಿಗೋರಿನ್ ಎಂಟು. ಇಪ್ಪತ್ತಮೂರನೆಯ ಆಟದಲ್ಲಿ ಚಿಗೋರಿನರಿಗೆ ಒಂದು ಕಾಯಿಯೇ ಹೆಚ್ಚಾಗಿತ್ತು. ಗೆದ್ದರೆ ಒಂಬತ್ತಕ್ಕೆ ಒಂಬತ್ತು. ಸ್ಟೈನಿಟ್ಸರ ಎರಡು ಆನೆಗಳು ಒಳನುಗ್ಗಿ ಚಿಗೋರಿನರ ರಾಜನ ಸಮೀಪದ ಸಾಲಿನಲ್ಲಿ ಕುಳಿತಿದ್ದುದು ನಿಜ. ಆದರೆ ದೂರದಿಂದ ಒಂದು ಒಂಟೆ ರಾಜನ ಮುಂದಿನ ಕಾಲಾಳನ್ನು ಕಾಯುತ್ತಿತ್ತು. ಅದು ಅಲ್ಲಿರುವವರೆಗೆ ಭಯವಿರಲಿಲ್ಲ. ಮೂವತ್ತೆರಡನೆಯ ನಡೆಯಲ್ಲಿ ಚಿಗೋರಿನ್ ಆ ಒಂಟೆಯನ್ನೇ ಎತ್ತಿ ಬೇರೊಂದು ಕಡೆಗೆ ಇಟ್ಟರು. ಕಾವಲು ತಪ್ಪಿದ ಕಾಲಾಳನ್ನು ಆನೆ ಕಡಿಯಿತು. ಇನ್ನೊಂದು ನಡೆಗೆ ಮಾತ್. ಹತ್ತನೆಯ ಗೆಲುವು ಸ್ಟೈನಿಟ್ಸರದಾಯಿತು, ಪದವಿ ಅವರಲ್ಲಿಯೇ ಉಳಿಯಿತು. ಚಿಗೋರಿನ್ ಮತ್ತೆಂದೂ ವಿಶ್ವ ಪದವಿಯ ಪಂದ್ಯವನ್ನು ಆಡಲಿಲ್ಲ.

ಒಂದು ಕಾಯಿಯನ್ನು ಎತ್ತುವ ಮೊದಲು ‘ಇದು ಎಲ್ಲಿಗೆ ಹೋಗುತ್ತದೆ?’ ಎಂದು ಎಲ್ಲರೂ ಯೋಚಿಸುತ್ತಾರೆ. ‘ಇದು ಇಲ್ಲಿ ಏನು ಮಾಡುತ್ತಿದೆ?’ ಎಂದು ಯೋಚಿಸುವುದು ಅಪರೂಪ. ಮನೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡುವವರ ಗತಿಯೇ ಹಲಗೆಯ ಮೇಲೆ ಕಾವಲಿನ ಕಾಯಿಯದೂ ಆಗುತ್ತದೆ; ಹೋದ ಮೇಲೆ ಅದರ ಬೆಲೆ ತಿಳಿಯುವುದು. ನಮ್ಮ ಹಳ್ಳಿಗಳ ಆಡು-ಹುಲಿಯ ಆಟವನ್ನು ಆಡಿದವರಿಗೆ ಈ ಮಾತು ಹೊಸದಲ್ಲ. ಮೂರು ಹುಲಿ, ಹದಿನೈದು ಆಡು. ಆಡಿನ ಬೆನ್ನ ಹಿಂದಿನ ಮನೆ ಖಾಲಿಯಾಗಿದ್ದರೆ ಹುಲಿ ಅದನ್ನು ಹಾರಿ ಕೊಲ್ಲುತ್ತದೆ. ಅಲ್ಲಿ ಇನ್ನೊಂದು ಆಡು ಇದ್ದರೆ ಹುಲಿಗೆ ಹಾರುವ ದಾರಿಯಿಲ್ಲ. ಹುಲಿಯನ್ನು ಕಟ್ಟಿಹಾಕುವ ಆತುರದಲ್ಲಿ ಹಿಂದಿನ ಆಡನ್ನು ಮುಂದಕ್ಕೆ ಸರಿಸಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಹಂಪೆಯ ಮಂಟಪಗಳ ಹಾಸುಗಲ್ಲಿನ ಮೇಲೆ ಆಟದ ಗೆರೆಗಳು ಇಂದಿಗೂ ಕಾಣುತ್ತವೆ. ಆ ಗೆರೆಗಳ ಮೇಲೆ ಎಷ್ಟು ಮಂದಿ ಹೀಗೆ ಹಿಂದಿನ ಮನೆಯನ್ನು ಮರೆತು ಕೈ ಹಿಸುಕಿಕೊಂಡರೋ!

ಕೆಲವು ನಡೆಗಳಂತೂ ಕಣ್ಣಿಗೆ ಬೀಳುವುದೇ ಕಷ್ಟ. 2006ರ ನವೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ‘ಡೀಪ್ ಫ್ರಿಟ್ಸ್’ ಎಂಬ ಕಂಪ್ಯೂಟರಿನೊಡನೆ ಆಡುತ್ತ, ಎರಡನೆಯ ಆಟದಲ್ಲಿ ತಮ್ಮ ಮಂತ್ರಿಯನ್ನು ನಿಶ್ಚಿಂತೆಯಿಂದ ನಡೆಸಿದರು. ಯಂತ್ರ ಮರುನಡೆಗೇ ಮಾತ್ ಮಾಡಿತು. ಒಂದೇ ನಡೆಯ ಮಾತ್. ಆಟ ಕಲಿತು ತಿಂಗಳಾದ ಹುಡುಗನಿಗೂ ತೋರಿಸಿಕೊಟ್ಟರೆ ಅರ್ಥವಾಗುವಂಥದು. ಆದರೆ ಅಲ್ಲಿ ಮಂತ್ರಿಗೆ ಬೆಂಬಲವಾಗಿ ನಿಂತಿದ್ದುದು ಕ್ರಾಮ್ನಿಕ್ಕರ ರಾಜನ ಹಿಂದಿನ ಸಾಲಿಗೇ ಹೋಗಿದ್ದ ಒಂದು ಕುದುರೆ. ಅಷ್ಟು ಒಳಗಿನಿಂದ ಹಿಂದಕ್ಕೆ ನೋಡಿ ಕಾಯುವ ಕುದುರೆಯ ಜೊತೆಯಲ್ಲಿ ಆಗುವ ಮಾತ್ ಪುಸ್ತಕಗಳಲ್ಲಿ ವಿರಳ. ಅಭ್ಯಾಸದ ಕಣ್ಣು ಅದನ್ನು ದಾಟಿ ಹೋಯಿತು. ಹಿಂದಕ್ಕೆ ಸರಿಯುವ ನಡೆಗಳು, ಅದರಲ್ಲಿಯೂ ಕುದುರೆಯ ಹಿಮ್ಮುಖದ ಜಿಗಿತಗಳು, ಆಟಗಾರರ ಲೆಕ್ಕದಿಂದ ಎಷ್ಟು ಸುಲಭವಾಗಿ ತಪ್ಪಿಹೋಗುತ್ತವೆಂಬುದನ್ನು ನೇಮನ್ ಮತ್ತು ಆಫೆಕ್ ಎಂಬಿಬ್ಬರು 2011ರಲ್ಲಿ ಒಂದು ಪುಸ್ತಕದಲ್ಲಿಯೇ ವಿಸ್ತರಿಸಿದ್ದಾರೆ. ಯುದ್ಧವೆಂದರೆ ಮುಂದಕ್ಕೆ ಹೋಗುವುದೆಂಬ ಭಾವನೆ ನಮ್ಮ ರಕ್ತದಲ್ಲಿಯೇ ಇದೆಯೋ ಏನೋ.

ಈ ಮಾತು ಬಂದಾಗ ನನಗೆ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪಾಗುತ್ತದೆ. ಹಲಗೆಯಾಟಗಳಲ್ಲಿ ಅವರಿಗಿದ್ದ ಆಸಕ್ತಿ ಅಸಾಧಾರಣವಾದುದು. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ಯಲ್ಲಿ ಅದರ ಸಾಕ್ಷ್ಯವಿದೆ. ಒಂಟಿ ಕುದುರೆ 64 ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ತುರಗಗತಿಯ ಬಂಧಗಳನ್ನು ಅವರು ರಚಿಸಿದರು. ಅದನ್ನು ಅರಮನೆಯ ವಿನೋದವೆಂದು ತಳ್ಳಿಹಾಕಬೇಕಾಗಿಲ್ಲ. ಎಂಟು ದಿಕ್ಕಿಗೂ ಹಾರಬಲ್ಲ ಕುದುರೆಯನ್ನು ಎಂಟು ದಿಕ್ಕಿನಲ್ಲಿಯೂ ನೋಡುವುದಕ್ಕೆ ಕಣ್ಣನ್ನು ಪಳಗಿಸುವ ಅಭ್ಯಾಸ ಇದಕ್ಕಿಂತ ಅಗ್ಗವಾಗಿ ಎಲ್ಲಿಯೂ ದೊರೆಯದು. ಒಂದು ಹಲಗೆ, ಒಂದು ಕುದುರೆ, ಮಳೆಗಾಲದ ಒಂದು ಸಂಜೆ ಇದ್ದರೆ ಸಾಕು.

ಹಾಗಾದರೆ ಇದಕ್ಕೆಲ್ಲ ಮದ್ದಿಲ್ಲವೆ? ಬ್ಲೂಮೆನ್‌ಫೆಲ್ಡ್ ಎಂಬ ರಷ್ಯದ ಪಂಡಿತರು ಒಂದು ಮದ್ದನ್ನು ಹೇಳಿದ್ದರು. ಅದು ‘ಬ್ಲೂಮೆನ್‌ಫೆಲ್ಡರ ನಿಯಮ’ವೆಂದೇ ಹೆಸರಾಯಿತು. ನಡೆಯನ್ನು ನಿಶ್ಚಯಿಸಿದ ಮೇಲೆ ತಕ್ಷಣ ಕಾಯಿಗೆ ಕೈ ಹಾಕಬಾರದು. ಮೊದಲು ಅದನ್ನು ಕಾಗದದ ಮೇಲೆ ಬರೆಯಬೇಕು. ಬರೆದಾದ ಮೇಲೆ, ಇದುವರೆಗಿನ ಎಲ್ಲ ಗಹನವಾದ ಲೆಕ್ಕಗಳನ್ನೂ ಬದಿಗಿಟ್ಟು, ಆಗತಾನೆ ಆಟ ಕಲಿತವನಂತೆ ಹಲಗೆಯನ್ನೊಮ್ಮೆ ನೋಡಬೇಕು: ಒಂದೇ ನಡೆಗೆ ಮಾತ್ ಇದೆಯೆ? ಮಂತ್ರಿ ಸಿಕ್ಕಿಬೀಳುವುದೆ? ಕಾವಲಿಲ್ಲದ ಕಾಯಿ ಯಾವುದಾದರೂ ಉಂಟೆ? ಇಷ್ಟಾದ ಮೇಲೆ ನಡೆಯಬೇಕು. ಲೇಖನಿಯನ್ನು ಹಿಡಿಯುವ ಆ ಅರೆನಿಮಿಷ ಮನುಷ್ಯನನ್ನು ತನ್ನ ಕನಸಿನಿಂದ ಹೊರಗೆ ತರುತ್ತದೆ. ನಾನು ಕಂಡಂತೆ ಇದಕ್ಕಿಂತ ಸರಳವೂ ಉಪಯುಕ್ತವೂ ಆದ ಸಲಹೆ ಚದುರಂಗ ಸಾಹಿತ್ಯದಲ್ಲಿ ಬಹಳವಿಲ್ಲ. ವಿಪರ್ಯಾಸವೆಂದರೆ, 2005ರಿಂದ ವಿಶ್ವ ಚದುರಂಗ ಸಂಸ್ಥೆಯ ನಿಯಮಗಳು ನಡೆಯನ್ನು ಮುಂಚಿತವಾಗಿ ಬರೆದುಕೊಳ್ಳುವುದನ್ನು ನಿಷೇಧಿಸಿವೆ. ಮುಂಚಿತವಾಗಿ ಬರೆದದ್ದು ಆಟಗಾರನಿಗೆ ಟಿಪ್ಪಣಿಯಂತೆ ಸಹಾಯವಾಗುತ್ತದೆ ಎಂಬುದು ಆಕ್ಷೇಪ. ಇರಬಹುದು. ಲೇಖನಿಯನ್ನು ಕಿತ್ತುಕೊಂಡರೂ ಆ ಅರೆನಿಮಿಷವನ್ನು ಯಾವ ನಿಯಮವೂ ಕಿತ್ತುಕೊಂಡಿಲ್ಲ. ಆದರೆ ಲೇಖನಿಯ ಜೊತೆಗೆ ಅದನ್ನೂ ಬಿಟ್ಟುಕೊಟ್ಟವರೇ ಬಹಳ ಮಂದಿ.

ನಮ್ಮ ಕಾಲೇಜಿನ ಹುಡುಗರು ಸಂಜೆ ಕ್ರೀಡಾ ಕೊಠಡಿಯಲ್ಲಿ ಹಲಗೆಯನ್ನು ಹಾಸಿದರೂ, ಅವರ ಮನಸ್ಸೆಲ್ಲ ಮೊಬೈಲಿನಲ್ಲಿ ಆಡುವ ಮೂರು ನಿಮಿಷದ ಆಟದಲ್ಲಿದೆ. ಅಲ್ಲಿ ಎದುರಾಳಿ ನಡೆಯುವ ಮೊದಲೇ ತಮ್ಮ ಮುಂದಿನ ನಡೆಯನ್ನು ಒತ್ತಿಟ್ಟುಬಿಡುವ ಸೌಕರ್ಯವೂ ಉಂಟು! ಎದುರಾಳಿ ಏನನ್ನು ಬೇಕಾದರೂ ಮಾಡಲಿ, ನಾನು ಮಾಡುವುದು ಇದೇ ಎಂಬ ಪ್ರತಿಜ್ಞೆ ಅದು. ಆಟ ಮುಗಿದ ಕೂಡಲೇ ಯಂತ್ರ ತಪ್ಪು ನಡೆಗಳಿಗೆಲ್ಲ ಕೆಂಪು ಗುರುತು ಹಾಕಿ, ಪಕ್ಕದಲ್ಲಿ ಸರಿಯಾದುದನ್ನು ತೋರಿಸುತ್ತದೆ. ಹುಡುಗರು ‘ಓಹೋ’ ಎಂದು ಮುಂದಿನ ಆಟಕ್ಕೆ ಹೋಗುತ್ತಾರೆ. ಹೀಗೆ ತಿಳಿದದ್ದು ಬೇರೊಬ್ಬನ ಮನೆಯ ಊಟದಂತೆ. ಹೊಟ್ಟೆ ತುಂಬುತ್ತದೆ, ಅಡಿಗೆ ಬರುವುದಿಲ್ಲ. ಬೊಟ್ವಿನ್ನಿಕ್ಕರು ತಮ್ಮ ಆಟಗಳನ್ನು ತಾವೇ ಕೂತು ನಿರ್ದಯವಾಗಿ ಪರೀಕ್ಷಿಸಿ, ಆ ವಿಮರ್ಶೆಯನ್ನು ಅಚ್ಚು ಹಾಕಿಸಿ, ಇತರರು ಅದರಲ್ಲಿ ತಪ್ಪು ಹುಡುಕುವಂತೆ ಮಾಡುತ್ತಿದ್ದರು. ಶಿಷ್ಯರಿಗೂ ಅದನ್ನೇ ಹೇಳುತ್ತಿದ್ದರು. ಆ ಶಿಷ್ಯರಲ್ಲಿ ಗ್ಯಾರಿ ಕಾಸ್ಪರೋವ್ ಒಬ್ಬರು. ಯಂತ್ರವನ್ನು ಕೇಳಬಾರದೆಂದು ನಾನು ಹೇಳುವುದಿಲ್ಲ. ಒಂದು ಗಂಟೆ ತಡವಾಗಿ ಕೇಳಿದರೆ ನಷ್ಟವೇನು? ‘ನಾನು ಆಗ ಏನನ್ನು ನೋಡುತ್ತಿದ್ದೆ?’ ಎಂಬ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ.

ಕೊನೆಯದಾಗಿ ಶರಣಾಗತಿಯ ವಿಷಯ. ಸೋಲು ಖಚಿತವಾದಾಗ ಕೈಕುಲುಕಿ ಎದ್ದುಹೋಗುವುದು ಈ ಆಟದ ಸಭ್ಯತೆ. ಆದರೆ ಖಚಿತವಾಯಿತೆಂದು ಹೇಳಿದವರು ಯಾರು? 1902ರಲ್ಲಿ ಮಾಂಟೆ ಕಾರ್ಲೊದಲ್ಲಿ ಜಾರ್ಜ್ ಮಾರ್ಕೊ ಎಂಬ ಪ್ರಸಿದ್ಧ ಆಟಗಾರರು ಫಾನ್ ಪೋಪಿಯೆಲರೊಡನೆ ಆಡುತ್ತಿದ್ದಾಗ ತಮ್ಮ ಒಂದು ಒಂಟೆ ಕಟ್ಟಿಗೆ ಸಿಕ್ಕಿಬಿದ್ದಿದೆ, ಇನ್ನು ಉಳಿಯದು ಎಂದು ಆಟವನ್ನು ಬಿಟ್ಟುಕೊಟ್ಟರು. ಉಳಿಯದೆಂದು ಅವರು ಕೈಬಿಟ್ಟ ಆ ಒಂಟೆಯನ್ನೇ ಎದುರಾಳಿಯ ರಾಜನ ಮಗ್ಗುಲಿಗೆ ತಂದಿಟ್ಟಿದ್ದರೆ ಗೆಲುವು ಅವರದಾಗುತ್ತಿತ್ತು. ಕಾಸ್ಪರೋವರಂಥ ಕಾಸ್ಪರೋವರೇ 1997ರಲ್ಲಿ ನ್ಯೂಯಾರ್ಕಿನಲ್ಲಿ ‘ಡೀಪ್ ಬ್ಲೂ’ ಯಂತ್ರದೊಡನೆ ಆಡಿದ ಎರಡನೆಯ ಆಟವನ್ನು ಬಿಟ್ಟುಕೊಟ್ಟಾಗ, ಶಹದ ಮೇಲೆ ಶಹ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿಯೊಂದಿತ್ತೆಂದು ವಿಶ್ಲೇಷಕರು ಬೇಗನೆ ತೋರಿಸಿದರು. ಯಂತ್ರ ಇಷ್ಟು ಸುಲಭವಾದುದನ್ನು ಬಿಟ್ಟಿರಲಾರದೆಂಬ ನಂಬಿಕೆ ಅವರ ಕಣ್ಣನ್ನು ಕಟ್ಟಿತು. ಆನಂದರ ಕಣ್ಣನ್ನು ಕಟ್ಟಿದ್ದೂ ಹೆಚ್ಚುಕಡಮೆ ಇಂಥದೇ. ಕಾರ್ಲ್‌ಸನ್ನರಂಥವರು ಎರಡು ಕಾಲಾಳುಗಳನ್ನು ಸುಮ್ಮನೆ ನೀಡುವರೆಂದು ಯಾರು ತಾನೆ ನಿರೀಕ್ಷಿಸುತ್ತಾರೆ? ನಿರೀಕ್ಷೆಯಿಲ್ಲದೆಡೆ ಹುಡುಕಾಟವೂ ಇರುವುದಿಲ್ಲ. ಎದುರಾಳಿಯ ಮೇಲಿನ ಗೌರವ ಎಷ್ಟೋ ಬಾರಿ ಅವನ ಆನೆಕುದುರೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

2013ರಲ್ಲಿ ಚೆನ್ನೈಯಲ್ಲಿ ಆನಂದರು ಪದವಿಯನ್ನು ಕಳೆದುಕೊಂಡಾಗ ಪ್ರೇಕ್ಷಕರ ನಡುವೆ ಏಳು ವರ್ಷದ ಒಬ್ಬ ಹುಡುಗನಿದ್ದ. ಮುಂದೆ ಆನಂದರ ಮಾರ್ಗದರ್ಶನವನ್ನೂ ಪಡೆದ ಆತನೇ ದೊಮ್ಮರಾಜು ಗುಕೇಶ್. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಚೀನದ ಡಿಂಗ್ ಲಿರೆನ್ನರೊಡನೆ ವಿಶ್ವ ಪದವಿಯ ಹದಿನಾಲ್ಕನೆಯ, ಕಟ್ಟಕಡೆಯ ಆಟವನ್ನು ಆಡುತ್ತಿದ್ದರು. ಅಂಕಗಳು ಆರೂವರೆಗೆ ಆರೂವರೆ. ಹಲಗೆಯ ಮೇಲೆ ಗುಕೇಶರಿಗೆ ಒಂದು ಕಾಲಾಳು ಹೆಚ್ಚಾಗಿದ್ದರೂ ಆಟ ಡ್ರಾ ಆಗುವುದೆಂದೇ ನೋಡುವವರೆಲ್ಲರ ಎಣಿಕೆ. ಡ್ರಾ ಆದರೆ ಮರುದಿನ ವೇಗದ ಆಟಗಳಲ್ಲಿ ತೀರ್ಮಾನ. ಐವತ್ತೈದನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎದುರಾಳಿಯ ಆನೆಯ ಮುಂದಿಟ್ಟರು: ಬಾ, ಅದಲುಬದಲು ಮಾಡಿಕೊಳ್ಳೋಣ ಎಂಬಂತೆ. ಸೋಚಿಯ ರಾಜನ ನಡೆಯಂತೆಯೇ ಇದೂ ನೋಡಲು ಏನೂ ಇಲ್ಲದ ನಡೆ.

ಗುಕೇಶರಿಗೂ ಮೊದಲು ಏನೂ ಕಾಣಲಿಲ್ಲ. ಆನೆಯನ್ನು ಬೇರೆ ಮನೆಗೆ ಸರಿಸಿ ಆಟವನ್ನು ಮುಂದುವರಿಸುವುದರಲ್ಲಿದ್ದೆ ಎಂದು ಅವರೇ ಆಮೇಲೆ ಹೇಳಿದರು. ಸರಿಸಲಿಲ್ಲ, ಮತ್ತೊಮ್ಮೆ ನೋಡಿದರು. ಡಿಂಗರ ಒಂಟೆ ಹಲಗೆಯ ಮೂಲೆಯ ಮನೆಯಲ್ಲಿತ್ತು. ಆನೆಗಳು ಅದಲುಬದಲಾದರೆ, ತಮ್ಮ ಒಂಟೆಯನ್ನು ಅದರ ಎದುರಿಗೇ ತಂದು ನಿಲ್ಲಿಸಬಹುದು. ಮೂಲೆಯಲ್ಲಿ ಸಿಕ್ಕಿದ ಒಂಟೆಗೆ ಓಡಲು ದಾರಿಯಿಲ್ಲ, ಅದೂ ಅದಲುಬದಲಾಗಲೇಬೇಕು. ಆಮೇಲೆ ಉಳಿಯುವುದು ರಾಜರು ಮತ್ತು ಕಾಲಾಳುಗಳು ಮಾತ್ರ. ಅಲ್ಲಿ ಒಂದು ಕಾಲಾಳು ಹೆಚ್ಚಿದ್ದವನಿಗೆ ಗೆಲುವು. ಗುಕೇಶರ ಮುಖದಲ್ಲಿ ಅರಿವು ಮೂಡಿದ ಆ ಗಳಿಗೆಯನ್ನು ಕ್ಯಾಮರಾ ಹಿಡಿದಿದೆ. ಕಣ್ಣರಳಿತು, ಎದ್ದು ನಿಂತರೆ ಬಿದ್ದೇನೆಂಬಂತೆ ಕುರ್ಚಿಯಲ್ಲಿಯೇ ಹಿಂದಕ್ಕೆ ಒರಗಿದರು. ಗಡಿಯಾರದಲ್ಲಿ ಅವರಿಗೆ ಬೇಕಾದಷ್ಟು ಕಾಲವಿತ್ತು. ಆತುರಪಡದೆ ಮತ್ತೆ ಮತ್ತೆ ಎಣಿಸಿದರು. ಆಮೇಲೆ ಆನೆಯನ್ನು ಕಡಿದರು. ಐವತ್ತೆಂಟನೆಯ ನಡೆಯಾದ ಮೇಲೆ ಡಿಂಗ್ ಸೋಲೊಪ್ಪಿ ಕೈ ನೀಡಿದರು.

ಸಭಾಂಗಣದಲ್ಲಿ ಕೋಲಾಹಲವಾಗುತ್ತಿದ್ದಂತೆ ಗುಕೇಶರು ಕಣ್ಣೀರನ್ನು ಒರೆಸಿಕೊಳ್ಳುತ್ತ, ಹಲಗೆಯ ಮೇಲಿನ ಕಾಯಿಗಳನ್ನು ಒಂದೊಂದಾಗಿ ತೆಗೆದು ಆಟ ಮೊದಲಾಗುವಾಗಿನ ಮನೆಗಳಲ್ಲಿ ಮತ್ತೆ ಜೋಡಿಸಿಡುತ್ತಿದ್ದರು.